ಡೈರಿ ಚೀಟಿಯಲ್ಲಿ ಕಾಣದ ಲೆಕ್ಕ

ಬೆಳಗಿನ ಆರೂವರೆಗೆ ಹಾಲಿನ ಡೈರಿ ಮುಂದೆ ಕ್ಯಾನು ಹಿಡಿದು ನಿಂತವರಿಗೆ ಎರಡೇ ಅಂಕಿ ಬೇಕು. ಅಳತೆ ಆದಮೇಲೆ ಒಂದು ಪುಟ್ಟ ಲೋಟದಷ್ಟು ಹಾಲನ್ನು ಯಂತ್ರದ ನಳಿಗೆಗೆ ಒಡ್ಡುತ್ತಾರೆ. ಅದು ಸ್ವಲ್ಪ ಹೊತ್ತು ಗೊಣಗಿ, ಫ್ಯಾಟು ಇಷ್ಟು, ಎಸ್‌ಎನ್‌ಎಫ್ ಇಷ್ಟು ಎಂದು ಹೇಳುತ್ತದೆ. ಜಿಡ್ಡು ಮೂರೂವರೆ, ಜಿಡ್ಡು ಬಿಟ್ಟು ಉಳಿದ ಘನಾಂಶ ಎಂಟೂವರೆ ದಾಟಿತೆಂದರೆ ಕ್ಯಾನು ತಂದವರ ಮುಖ ಅರಳುತ್ತದೆ. ದಾಟಲಿಲ್ಲವೋ, ನಿನ್ನೆ ಹಾಕಿದ ಹಿಂಡಿಯ ಮೇಲೆ, ಬಿಟ್ಟೂಬಿಡದೆ ಸುರಿದ ಮಳೆಯ ಮೇಲೆ, ಕೊನೆಗೆ ಯಂತ್ರದ ಮೇಲೂ ಸಿಟ್ಟು. ಚೀಟಿ ಕಿಸೆಗಿಟ್ಟುಕೊಂಡು ಎಲ್ಲರೂ ಮನೆಗೆ.

ಒಂದು ದಿನ ಪರಿಚಯದವರೊಬ್ಬರು ತಮಾಷೆಗೆಂದು ಮನೆಯ ಆಡಿನ ಹಾಲನ್ನು ಚೊಂಬಿನಲ್ಲಿ ತಂದು ಅದೇ ಯಂತ್ರಕ್ಕೆ ಕುಡಿಸಿದರು. ಯಂತ್ರ ತಕರಾರು ಎತ್ತಲಿಲ್ಲ. ಹಿಂದಿನವರ ಜರ್ಸಿ ಮಿಶ್ರತಳಿಯ ಹಾಲಿಗಿಂತ ತುಸು ಮೇಲಿನ ಅಂಕಿಯನ್ನೇ ಕೊಟ್ಟಿತು. ನೆರೆದವರು ನಕ್ಕರು. ‘ಇನ್ನು ಆಕಳು ಯಾಕೆ, ಆಡೇ ಕಟ್ಟುವ’ ಎಂದು ಒಬ್ಬರು ಅಂದರು. ಆ ನಗು ನನ್ನ ಜತೆ ಮನೆವರೆಗೂ ಬಂತು. ಏಕೆಂದರೆ ಆಡಿನ ಹಾಲಿನ ಬಗ್ಗೆ ನಮ್ಮ ಪತ್ರಿಕೆಯೂ ಹಿಂದೊಮ್ಮೆ ಒಂದು ತಪ್ಪು ಬರೆದಿತ್ತು.

ವರ್ಷದ ಕೊನೆಯ ಸಂಚಿಕೆಯಲ್ಲಿ ಹಿಂದೆ ತಿರುಗಿ ನೋಡುವುದು ನಮ್ಮ ರೂಢಿ. ಸಿಂಹಾವಲೋಕನ ಎಂದು ಸಿಂಹದ ಹೆಸರು ಹೊತ್ತ ಈ ಪುಟದಲ್ಲಿ ಈ ಸಲ ಆಡಿನ ಲೆಕ್ಕ. ವಿಷಯ ಇಷ್ಟೇ: ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಆಡಿನ ಹಾಲು, ಆಕಳ ಹಾಲು ಎಂದು ನಾವು ಏನೇನು ನಂಬಿದೆವು, ಏನೇನು ಅಚ್ಚು ಹಾಕಿದೆವು, ಅದರಲ್ಲಿ ಉಳಿದದ್ದೆಷ್ಟು.

ಎಕ್ಕಂಬಿಯಲ್ಲಿ ಕೂತು ಈ ಲೆಕ್ಕ ಹಾಕುವುದಕ್ಕೆ ಒಂದು ಕಾರಣವೂ ಇದೆ. ಶಿರಸಿಯಿಂದ ಹುಬ್ಬಳ್ಳಿ ಕಡೆ ಹೊರಟವರಿಗೆ ಇಲ್ಲಿಗೆ ಬರುವ ಹೊತ್ತಿಗೆ ಅಡಿಕೆ ತೋಟ ಹಿಂದೆ ಸರಿದು ಗದ್ದೆ, ಗೋವಿನಜೋಳ, ಶುಂಠಿ ಕಣ್ಣಿಗೆ ಬೀಳತೊಡಗುತ್ತದೆ. ಪಡುವಣಕ್ಕೆ ಸೊಪ್ಪಿನ ಬೆಟ್ಟ, ಮೂಡಣಕ್ಕೆ ಹಾನಗಲ್ ಬಯಲು. ಸುಗ್ಗಿ ಮುಗಿದ ಮೇಲೆ ಆ ಕಡೆಯಿಂದ ಕುರಿ ಮಂದೆ ಬರುತ್ತದೆ, ಗದ್ದೆಯಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿಸುತ್ತಾರೆ. ಮಂದೆಯೊಳಗೆ ನಾಲ್ಕಾರು ಆಡೂ ಇರುತ್ತವೆ. ಈ ಕಡೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಒಳಗೆ ಹೋದರೆ ಮನೆಗೊಂದು ಕೊಟ್ಟಿಗೆ ಸಿಕ್ಕೀತು, ಆಡು ಸಿಗುವುದು ಅಪರೂಪ. ಹಾಲಿನ ಎರಡು ಸೀಮೆಗಳ ಗಡಿ ಎಂದರೆ ಇದೇ.

ಆಡು ಯಾಕೆ ಮಲೆನಾಡಿನ ಒಳಗೆ ಬರಲಿಲ್ಲ? ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆಯಲ್ಲೇ ಉತ್ತರವಿದೆ. ಬೇರೆ ಊರಿನಲ್ಲಿ ಆ ಮಾತು ಆಡಿನ ಹೊಟ್ಟೆಬಾಕತನದ ಬಗ್ಗೆ. ನಮ್ಮಲ್ಲಿ ಅದು ಆಸ್ತಿಯ ಪ್ರಶ್ನೆ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆ ಬೆಟ್ಟ ಎಂದು ಬ್ರಿಟಿಷರ ಕಾಲದಿಂದ ಲೆಕ್ಕ ಇಟ್ಟುಕೊಂಡು ಬಂದ ಸೀಮೆ ಇದು. ಆ ಬೆಟ್ಟದ ಸೊಪ್ಪು, ದರಕು ಕೊಟ್ಟಿಗೆಗೆ ಬಂದು, ದನದ ಕಾಲಡಿ ತುಳಿದು, ಗೊಬ್ಬರವಾಗಿ ಅಡಿಕೆ ಮರದ ಬುಡ ಸೇರಬೇಕು. ಚಿಗುರು ಕಂಡಲ್ಲಿ ಹಿಂಗಾಲ ಮೇಲೆ ನಿಂತು ಕೀಳುವ ಪ್ರಾಣಿಗೆ ಅಲ್ಲಿ ಯಾರು ಜಾಗ ಕೊಡುತ್ತಾರೆ? ಅರಣ್ಯ ಇಲಾಖೆಯ ಕಣ್ಣಲ್ಲೂ ಆಡು ಹಳೆಯ ವೈರಿ. ಮೇಲಿಂದ ನಾಲ್ಕು ತಿಂಗಳ ಮಳೆ. ಗೊರಸು ಕೊಳೆತು ಕುಂಟುವ ಆಡನ್ನು ಕಂಡವರಿಗೆ ಈ ನೆಲ ಅದರದ್ದಲ್ಲ ಎಂದು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಕಾರಣ ಅಡುಗೆಮನೆಯದು. ನಮ್ಮ ಊಟ ನಿಂತಿರುವುದು ಮಜ್ಜಿಗೆಯ ಮೇಲೆ. ತಂಬುಳಿ, ಮಜ್ಜಿಗೆಹುಳಿ, ಊಟದ ಕೊನೆಗೆ ನೀರು ಮಜ್ಜಿಗೆ, ದೇವರ ದೀಪಕ್ಕೆ ಮತ್ತು ಬಾಣಂತಿಗೆ ತುಪ್ಪ. ಆಡಿನ ಹಾಲಿಗೆ ಹೆಪ್ಪು ಹಾಕಿ ನೋಡಿದವರಿಗೆ ಗೊತ್ತು, ಮೊಸರು ಗಟ್ಟಿಯಾಗಿ ಕೂರುವುದಿಲ್ಲ. ಎಮ್ಮೆಯ ಮೊಸರನ್ನು ಚಾಕುವಿನಲ್ಲಿ ಕೊಯ್ಯಬಹುದು, ಆಕಳದ್ದು ಸೌಟಿಗೆ ಬರುತ್ತದೆ, ಆಡಿನದು ಲೋಟಕ್ಕೆ ಬಗ್ಗಿಸಿಕೊಳ್ಳುವಷ್ಟು ತೆಳು. ಹಾಲನ್ನು ರಾತ್ರಿಯಿಡೀ ಇಟ್ಟರೂ ಕೆನೆ ಮೇಲೆ ಬರುವುದು ಕಡಿಮೆ. ಬೆಣ್ಣೆ ತೆಗೆಯುವುದು ತ್ರಾಸು. ತೆಗೆದ ಬೆಣ್ಣೆಯಾದರೂ ಸುಣ್ಣದಂತೆ ಬಿಳಿ.

ಈ ಮೂರೂ ಚಿಹ್ನೆಗಳ ಹಿಂದೆ ಆಡಿನ ಹಾಲಿನ ನಿಜವಾದ ಸ್ವಭಾವ ಅಡಗಿದೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡಬೇಕು. ಹಾಲಿನ ಜಿಡ್ಡು ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ತೇಲುತ್ತಿರುತ್ತದೆ. ಆಡಿನ ಹಾಲಿನಲ್ಲಿ ಆ ಹನಿಗಳು ಆಕಳದ್ದಕ್ಕಿಂತ ಸಣ್ಣವು. ಆಕಳ ಹಾಲಿನಲ್ಲಿ ಹನಿಗಳನ್ನು ಒಂದಕ್ಕೊಂದು ಅಂಟಿಸಿ ಮೇಲಕ್ಕೆ ತೇಲಿಸುವ ಒಂದು ಪ್ರೋಟೀನು ಇದೆ, ಆಡಿನದರಲ್ಲಿ ಅದರ ಕೆಲಸ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಕೆನೆ ಕಟ್ಟುವುದಿಲ್ಲ. ಮೊಸರು ಸಡಿಲವಾಗುವುದು ಕೇಸೀನಿನ ಕಾರಣಕ್ಕೆ. ಹಾಲನ್ನು ಹೆಪ್ಪುಗಟ್ಟಿಸುವ ಈ ಪ್ರೋಟೀನಿನಲ್ಲಿ ಹಲವು ಬಗೆ; ಅದರಲ್ಲಿ ಆಲ್ಫಾ ಎಸ್-1 ಎಂಬುದು ಆಕಳಲ್ಲಿ ಧಾರಾಳ, ಆಡಿನ ಎಷ್ಟೋ ತಳಿಗಳಲ್ಲಿ ಕಡಿಮೆ. ಹೊಟ್ಟೆಯೊಳಗೂ ಆಡಿನ ಹಾಲು ಮೆತ್ತಗೆ ಒಡೆಯುತ್ತದೆ. ‘ಆಡಿನ ಹಾಲು ಹಗುರ’ ಎಂಬ ಹಳಬರ ಮಾತಿಗೆ ಇಷ್ಟು ಆಧಾರ ಖಂಡಿತ ಇದೆ. ಇನ್ನು ಬಿಳಿ ಬಣ್ಣ. ಆಕಳು ಹಸಿರು ಮೇವಿನ ಹಳದಿ ಕೆರೋಟಿನ್ನಿನ ಒಂದು ಪಾಲನ್ನು ಹಾಗೇ ಹಾಲಿಗೆ ಬಿಡುತ್ತದೆ. ಆಡು ಮತ್ತು ಎಮ್ಮೆ ಅದನ್ನು ಎ ಜೀವಸತ್ವವಾಗಿ ಬದಲಿಸಿಯೇ ಬಿಡುತ್ತವೆ. ಹಳದಿ ತುಪ್ಪದಲ್ಲೇ ಸತ್ವ ಹೆಚ್ಚು ಎಂದು ವಾದಿಸುವ ನಮ್ಮ ಬಂಧುಗಳು ಇದನ್ನು ಒಪ್ಪುವುದಿಲ್ಲ, ಇರಲಿ.

ವಾಸನೆಯದ್ದೂ ಹೇಳಿಬಿಡುತ್ತೇನೆ. ಆಡಿನ ಜಿಡ್ಡಿನಲ್ಲಿ ಕ್ಯಾಪ್ರೋಯಿಕ್, ಕ್ಯಾಪ್ರಿಲಿಕ್, ಕ್ಯಾಪ್ರಿಕ್ ಎಂಬ ಮೂರು ಆಮ್ಲಗಳು ಆಕಳದ್ದಕ್ಕಿಂತ ಹೆಚ್ಚು. ಮೂರಕ್ಕೂ ಹೆಸರು ಬಂದದ್ದೇ ಲ್ಯಾಟಿನ್ನಿನಲ್ಲಿ ಆಡಿಗಿರುವ ಹೆಸರಿನಿಂದ. ಇವು ಬೇಗ ಜೀರ್ಣವಾಗುವ ಜಿಡ್ಡುಗಳು, ಜತೆಗೆ ಮೂಗಿಗೆ ಬೇಗ ಗೊತ್ತಾಗುವವು. ಹೋತವನ್ನು ಕರೆಯುವ ಜಾಗದಿಂದ ದೂರ ಕಟ್ಟಿ, ಪಾತ್ರೆಯನ್ನು ಬಿಸಿನೀರಿನಲ್ಲಿ ತೊಳೆದು, ಕರೆದ ಕೂಡಲೇ ಕಾಯಿಸಿದರೆ ವಾಸನೆ ಅರ್ಧ ಕಡಿಮೆ.

ಈಗ ನಮ್ಮ ತಪ್ಪಿಗೆ ಬರೋಣ. ಡೆಂಗೆ ಜೋರಾದ ಒಂದು ಮಳೆಗಾಲದಲ್ಲಿ ನಮ್ಮ ಪುಟದಲ್ಲಿ ಅಚ್ಚಾಯಿತು: ‘ಆಡಿನ ಹಾಲು ತಾಯಿಯ ಹಾಲಿಗೆ ಅತ್ಯಂತ ಹತ್ತಿರ.’ ಎಲ್ಲಿಂದ ಬಂತೆಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಎಲ್ಲರೂ ಹೇಳುತ್ತಿದ್ದರು, ನಾವೂ ಹೇಳಿದೆವು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಹಳೆಯ ಆಹಾರ ಪಟ್ಟಿ ಕಪಾಟಿನಲ್ಲೇ ಇತ್ತು. ತೆಗೆದು ನೋಡಿದ್ದರೆ ಐದು ನಿಮಿಷದ ಕೆಲಸ. ಆ ಪಟ್ಟಿಯ ಪ್ರಕಾರ 100 ಗ್ರಾಂ ಆಕಳ ಹಾಲಿನಲ್ಲಿ ಪ್ರೋಟೀನು 3.2 ಗ್ರಾಂ, ಜಿಡ್ಡು 4.1, ಸಕ್ಕರೆಯಂಶ 4.4, ಸುಣ್ಣದಂಶ 120 ಮಿಲಿಗ್ರಾಂ, ಶಕ್ತಿ 67 ಕ್ಯಾಲೊರಿ. ಆಡಿನದರಲ್ಲಿ ಪ್ರೋಟೀನು 3.3, ಜಿಡ್ಡು 4.5, ಸಕ್ಕರೆಯಂಶ 4.6, ಸುಣ್ಣ 170, ಶಕ್ತಿ 72. ತಾಯಿಯ ಹಾಲಿನಲ್ಲಿ ಪ್ರೋಟೀನು 1.1, ಸಕ್ಕರೆಯಂಶ 7.4, ಸುಣ್ಣ 28. ಯಾವುದು ಯಾವುದಕ್ಕೆ ಹತ್ತಿರ ಎಂದು ಶಾಲೆಯ ಮಗುವೂ ಹೇಳಬಹುದು. ಆಡು ಮತ್ತು ಆಕಳು ಒಂದೇ ಬಚ್ಚಲ ನೀರು ಮಿಂದವು. ತಾಯಿಯ ಹಾಲು ಬೇರೆಯದೇ ಊರಿನದು. ಕೆಲವೇ ದಿನಗಳಲ್ಲಿ ಜಿಗಿದಾಡಬೇಕಾದ ಮರಿಗೆ ಮೂಳೆ ಮಾಂಸ ಬೇಗ ಬೇಕು. ಮನುಷ್ಯನ ಮಗು ನಡೆಯಲಿಕ್ಕೇ ವರ್ಷ ಹಿಡಿಯುತ್ತದೆ, ಅದಕ್ಕೆ ಅಷ್ಟು ಪ್ರೋಟೀನು, ಅಷ್ಟು ಲವಣ ಕೊಟ್ಟರೆ ಎಳೆಯ ಮೂತ್ರಪಿಂಡಕ್ಕೆ ಹೊರೆ.

ಆ ಸಾಲು ಅಚ್ಚಾದ ಒಂದೆರಡು ವಾರಕ್ಕೆ ಓದುಗರೊಬ್ಬರು ಫೋನು ಮಾಡಿ, ‘ಮೊಮ್ಮಗುವಿಗೆ ಶುರು ಮಾಡಿದ್ದೇವೆ, ಎಷ್ಟು ನೀರು ಬೆರೆಸಬೇಕು’ ಎಂದು ಕೇಳಿದರು. ಮಗುವಿಗೆ ಐದು ತಿಂಗಳು. ಆಗ ನಮಗೆ ತಿಳಿದಷ್ಟನ್ನು ಹೇಳಿ ಡಾಕ್ಟರನ್ನು ಕೇಳಿ ಎಂದೆವು. ಮುಂದೆ ಏನಾಯಿತೋ ತಿಳಿಯಲಿಲ್ಲ. ನಿದ್ದೆ ಬಾರದ ರಾತ್ರಿಗಳಲ್ಲಿ ಆ ಫೋನು ಈಗಲೂ ಒಮ್ಮೊಮ್ಮೆ ನೆನಪಾಗುತ್ತದೆ.

ಡೈರಿಯ ಯಂತ್ರ ಹೇಳದ ಅಂಕಿಗಳು ಇರುವುದು ಇಲ್ಲಿಯೇ. ಫೋಲೇಟ್ ಎಂಬ ಜೀವಸತ್ವ ಹೊಸ ರಕ್ತಕಣ ಹುಟ್ಟುವುದಕ್ಕೆ ಬೇಕು. ಅಮೆರಿಕದ ಕೃಷಿ ಇಲಾಖೆಯ ಪಟ್ಟಿ ನೋಡಿದರೆ 100 ಗ್ರಾಂ ಆಕಳ ಹಾಲಿನಲ್ಲಿ ಅದು ಸುಮಾರು 5 ಮೈಕ್ರೋಗ್ರಾಂ, ಆಡಿನದರಲ್ಲಿ 1. ಹುಟ್ಟಿದ ಕೂಸಿಗೆ ದಿನಕ್ಕೆ 65ರಷ್ಟು ಬೇಕು. ಮುಕ್ಕಾಲು ಲೀಟರ್ ಆಡಿನ ಹಾಲು ಕುಡಿಸಿದರೂ ಎಂಟು ದಾಟುವುದಿಲ್ಲ. ಆಡಿನ ಹಾಲನ್ನೇ ನೆಚ್ಚಿದ ಕೂಸುಗಳು ಬಿಳಿಚಿಕೊಂಡು ಸೊರಗುವುದನ್ನು ಜರ್ಮನಿಯ ವೈದ್ಯರು 1920ರ ದಶಕದಲ್ಲೇ ಗುರುತಿಸಿ ಅದಕ್ಕೆ ‘ಆಡಿನ ಹಾಲಿನ ರಕ್ತಹೀನತೆ’ ಎಂದೇ ಹೆಸರಿಟ್ಟಿದ್ದರು. ನೀರು ಬೆರೆಸಿದರೆ ಇದ್ದದ್ದೂ ಇನ್ನಷ್ಟು ತೆಳುವಾಗುತ್ತದೆ. ಹಾಗೆಂದು ಆಕಳ ಹಾಲು ಕೂಸಿಗೆ ಸರಿ ಎಂದಲ್ಲ. ಅದರಲ್ಲಿ ಕಬ್ಬಿಣ ತೀರ ಕಡಿಮೆ, ವರ್ಷ ತುಂಬುವ ತನಕ ಮುಖ್ಯ ಆಹಾರವಾಗಿ ಅದೂ ಬೇಡ. ಆರು ತಿಂಗಳು ತಾಯಿಯ ಹಾಲು ಮಾತ್ರ. ಯುರೋಪಿನಲ್ಲಿ ಆಡಿನ ಹಾಲಿನಿಂದ ಮಾಡಿದ ಮಕ್ಕಳ ಪುಡಿಗೆ 2013ರಲ್ಲಿ ಒಪ್ಪಿಗೆ ಸಿಕ್ಕಿದೆ ನಿಜ. ಅದು ಫೋಲೇಟ್, ಕಬ್ಬಿಣ ಎಲ್ಲವನ್ನೂ ಲೆಕ್ಕ ಹಾಕಿ ಸೇರಿಸಿದ ಪುಡಿ, ಹಿತ್ತಿಲಲ್ಲಿ ಕರೆದ ಹಾಲಲ್ಲ.

ದೊಡ್ಡವರಿಗೆ ಫೋಲೇಟಿನ ಚಿಂತೆ ಅಷ್ಟಿಲ್ಲ. ಒಂದೆಲಗದ ತಂಬುಳಿ, ಬಸಳೆ, ಹರಿವೆ, ಹೆಸರುಕಾಳು ತಿನ್ನುವವನಿಗೆ ಅದು ತಟ್ಟೆಯಲ್ಲೇ ಬರುತ್ತದೆ. ಬಿ12ರ ಕತೆ ಹಾಗಲ್ಲ, ಮತ್ತು ನನ್ನ ಮಟ್ಟಿಗೆ ಈ ಮೂರು ತಾಲ್ಲೂಕಿನಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು ಇದೇ. ಬಿ12 ಯಾವ ಸೊಪ್ಪಿನಲ್ಲೂ ಇಲ್ಲ, ಯಾವ ಕಾಳಿನಲ್ಲೂ ಇಲ್ಲ. ಮೀನು, ಮೊಟ್ಟೆ, ಮಾಂಸ ತಿನ್ನದ ಮನೆಗೆ ಅದು ಬರುವ ಬಾಗಿಲು ಹಾಲು ಮೊಸರು ಒಂದೇ. ಆಕಳ ಹಾಲು 100 ಗ್ರಾಮಿಗೆ 0.45 ಮೈಕ್ರೋಗ್ರಾಂ ಕೊಟ್ಟರೆ ಆಡಿನದು 0.07. ದಿನಕ್ಕೆ ಬೇಕಾದದ್ದು ಎರಡು ಮೈಕ್ರೋಗ್ರಾಂಗಿಂತ ತುಸು ಹೆಚ್ಚು. ಕಾಯಿಸುವಾಗ ಒಂದಿಷ್ಟು ಹೋದರೂ ಅರ್ಧ ಲೀಟರ್ ಆಕಳ ಹಾಲಿನ ಮನೆಯವನು ಹೇಗೋ ದಡ ಮುಟ್ಟುತ್ತಾನೆ. ಅಷ್ಟೇ ಆಡಿನ ಹಾಲು ಕುಡಿದವನಿಗೆ ಆರನೆಯ ಒಂದು ಪಾಲೂ ಸಿಗುವುದಿಲ್ಲ. ಅಂಗೈ ಅಂಗಾಲು ಜೋಮು, ಮರೆವು, ಸುಸ್ತು ಎಂದು ಶಿರಸಿಯ ದವಾಖಾನೆಗೆ ಹೋಗಿ ಬಿ12 ಇಂಜೆಕ್ಷನ್ ಹಾಕಿಸಿಕೊಂಡು ಬರುವ ಹಿರಿಯರು ನಮ್ಮ ತೋಟದ ಸೀಮೆಯಲ್ಲಿ ಬೇಕಾದಷ್ಟು ಮಂದಿ. ಅಂಥ ಮನೆಯಲ್ಲಿ ‘ಆರೋಗ್ಯಕ್ಕೆ ಒಳ್ಳೆಯದು’ ಎಂದು ಆಕಳ ಹಾಲು ಬಿಟ್ಟು ಆಡಿನ ಹಾಲು ತರಿಸಿಕೊಳ್ಳುವುದನ್ನು ನೋಡಿದಾಗ ಏನು ಹೇಳಬೇಕು ತಿಳಿಯುವುದಿಲ್ಲ. ನಮ್ಮ ಹಳೆಯ ಸಂಚಿಕೆಗಳಲ್ಲಿ ಆಡಿನ ಹಾಲಿನ ಬಗ್ಗೆ ಬಂದ ಬರಹಗಳನ್ನೆಲ್ಲ ಮೊನ್ನೆ ಕೂತು ತಿರುವಿದೆ. ಸುಣ್ಣದ ಮಾತು ಪ್ರತಿಯೊಂದರಲ್ಲಿ ಇತ್ತು, ಬಿ12 ಎಂಬ ಅಕ್ಷರ ಒಂದರಲ್ಲೂ ಇರಲಿಲ್ಲ.

ಡೆಂಗೆಯ ಮಾತು ಅರ್ಧಕ್ಕೆ ಬಿಟ್ಟೆ. ದೆಹಲಿ ಕಡೆ ಆಡಿನ ಹಾಲು ಲೀಟರಿಗೆ ಸಾವಿರ ರೂಪಾಯಿ ದಾಟಿತೆಂದು ಸುದ್ದಿ ಬಂದ ಮೇಲೆ ಇಲ್ಲಿಯೂ ಹುಡುಕಾಟ ಶುರುವಾಯಿತು. ಪ್ಲೇಟ್‌ಲೆಟ್ ಏರುತ್ತದೆಂಬ ನಂಬಿಕೆ. ಡೆಂಗೆಯಲ್ಲಿ ಜ್ವರ ಇಳಿದು ಎರಡು ಮೂರು ದಿನಕ್ಕೆ ಹೆಚ್ಚಿನವರಲ್ಲಿ ಪ್ಲೇಟ್‌ಲೆಟ್ ತಾನಾಗಿಯೇ ಏರುತ್ತದೆ. ಆ ಹೊತ್ತಿಗೆ ಸರಿಯಾಗಿ ಬಾಯಿಗೆ ಬಿದ್ದದ್ದು ಯಾವುದೋ ಅದಕ್ಕೆ ಹೆಸರು. ಕೆಲವರಲ್ಲಿ ಪಪ್ಪಾಯಿ ಎಲೆ ಗೆದ್ದಿತು, ಕೆಲವರಲ್ಲಿ ಆಡು. ಎರಡನ್ನೂ ಕೊಟ್ಟವರ ಮನೆಯಲ್ಲಿ ಇನ್ನೂ ಜಗಳ ನಡೆದಿರಬಹುದು.

ಎ2 ಹಾಲಿನ ಗಾಳಿ ಬೀಸಿದ್ದು ಅದೇ ಸುಮಾರಿಗೆ. ಬೀಟಾ ಕೇಸೀನ್ ಎಂಬ ಪ್ರೋಟೀನಿನಲ್ಲಿ 209 ಕೊಂಡಿಗಳಿವೆ, ಅದರ 67ನೆಯದು ಪ್ರೋಲಿನ್ ಆದರೆ ಎ2, ಹಿಸ್ಟಿಡಿನ್ ಆದರೆ ಎ1. ನಮ್ಮ ಮಲೆನಾಡು ಗಿಡ್ಡ, ಎಮ್ಮೆ, ಆಡು ಬಹುಮಟ್ಟಿಗೆ ಎ2 ಬಳಗಕ್ಕೇ ಸೇರಿದವು. ಎ1 ಹಾಲಿನಿಂದ ರೋಗ ಬರುತ್ತದೆಂಬ ವಾದವನ್ನು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2009ರಲ್ಲಿ ಜಾಲಾಡಿ, ಕಾರಣ ಮತ್ತು ಪರಿಣಾಮದ ನಂಟು ಸಾಬೀತಾಗಿಲ್ಲ ಎಂದಿತು. ನಮ್ಮ ದೇಶದ ಪ್ರಾಧಿಕಾರ 2024ರ ಆಗಸ್ಟಿನಲ್ಲಿ ಪೊಟ್ಟಣದ ಮೇಲಿನ ಎ1, ಎ2 ಹೆಸರುಗಳನ್ನು ತೆಗೆಯಿರಿ ಎಂದು ಆದೇಶಿಸಿ ಒಂದು ವಾರದೊಳಗೆ ಆ ಆದೇಶವನ್ನೇ ಹಿಂದೆ ತೆಗೆದುಕೊಂಡಿತು. ಗಿಡ್ಡ ತಳಿಗೆ 2012ರಲ್ಲಿ ರಾಷ್ಟ್ರಮಟ್ಟದ ಮಾನ್ಯತೆ ಸಿಕ್ಕಿದ್ದು ಸಂತೋಷದ ಸಂಗತಿ. ದಿನಕ್ಕೆ ಒಂದೆರಡು ಲೀಟರ್ ಕೊಡುವ, ಬೆಟ್ಟದಲ್ಲಿ ತಾನೇ ಮೇದು ಸಂಜೆ ತಾನೇ ಬರುವ ಆ ದನವನ್ನು ಉಳಿಸಲು ನೂರು ಕಾರಣಗಳಿವೆ. 67ನೆಯ ಕೊಂಡಿಯನ್ನು ಅದರ ಕೊರಳಿಗೆ ಕಟ್ಟಿ ಲೀಟರಿಗೆ ನೂರೈವತ್ತು ಕೇಳುವ ಅಗತ್ಯ ನನಗಂತೂ ಕಂಡಿಲ್ಲ.

2022ರಲ್ಲಿ ಚರ್ಮಗಂಟು ರೋಗ ಬಂದು ಕೊಟ್ಟಿಗೆಗಳು ನರಳಿದವು. ಅದು ಮನುಷ್ಯರಿಗೆ ಹಬ್ಬುವ ರೋಗವಲ್ಲ, ಕಾಯಿಸಿದ ಹಾಲಿಗೆ ಭಯವಿಲ್ಲ ಎಂದು ಎಷ್ಟು ಬರೆದರೂ ಕೆಲವರು ಆಕಳ ಹಾಲು ಬಿಟ್ಟು ಆಡಿನ ಹಾಲು ಹುಡುಕಿದರು, ಅದನ್ನು ಹಸಿಯಾಗಿಯೇ ಕುಡಿದರು. ಆಡಿನ ಹಾಲನ್ನು ಕಾಯಿಸಿದರೆ ಔಷಧಿಗುಣ ಹೋಗುತ್ತದೆ ಎಂಬ ನಂಬಿಕೆಗಿಂತ ಅಪಾಯಕಾರಿಯಾದದ್ದು ಈ ವಿಷಯದಲ್ಲಿ ಬೇರೊಂದಿಲ್ಲ. ಮಾಲ್ಟಾ ದ್ವೀಪದ ಬ್ರಿಟಿಷ್ ಸೈನಿಕರು ತಿಂಗಳುಗಟ್ಟಲೆ ಏರಿಳಿಯುವ ಜ್ವರದಿಂದ ಬಳಲುತ್ತಿದ್ದರು. ಸೇನೆಯ ವೈದ್ಯ ಡೇವಿಡ್ ಬ್ರೂಸ್ 1887ರಲ್ಲಿ ಅದರ ರೋಗಾಣುವನ್ನು ಗುರುತಿಸಿದ. ಅದು ಬರುವುದೆಲ್ಲಿಂದ ಎಂದು ತಿಳಿಯಲು 1905 ಆಗಬೇಕಾಯಿತು. ಥೆಮಿಸ್ಟೋಕ್ಲಿಸ್ ಝಮ್ಮಿಟ್ ಎಂಬ ಅಲ್ಲಿನ ವೈದ್ಯ, ನೋಡಲು ಆರೋಗ್ಯವಾಗಿಯೇ ಇದ್ದ ಆಡುಗಳಲ್ಲಿ ಸೋಂಕು ಪತ್ತೆ ಮಾಡಿದ. ಸೈನಿಕರಿಗೆ ಆಡಿನ ಹಾಲು ನಿಲ್ಲಿಸಿದರು, ಜ್ವರವೂ ಇಳಿಯಿತು. ನಮ್ಮಲ್ಲಿ ಕಂದು ರೋಗ ಎನ್ನುವುದು ಇದೇ ಬಳಗದ್ದು. ಆಡು ಅಥವಾ ದನ ಕಂದು ಹಾಕಿದರೆ ಅದರ ಹಾಲನ್ನು ಉಕ್ಕಿಸದೆ ಮುಟ್ಟಬಾರದು, ಸತ್ತೆಯನ್ನು ಬರಿಗೈಯಲ್ಲಿ ಎತ್ತಬಾರದು.

ಸಿದ್ದಾಪುರದವರಿಗೆ ಇದರ ಪಕ್ಕದ ಪ್ರಶ್ನೆಯೊಂದಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆ ಇತ್ತೀಚಿನ ವರ್ಷಗಳಲ್ಲಿ, 2024ರ ಬೇಸಿಗೆಯಲ್ಲೂ, ಆ ತಾಲ್ಲೂಕನ್ನು ಕಾಡಿದೆ. ಅದೇ ಕುಟುಂಬದ ಇನ್ನೊಂದು ವೈರಸ್ಸು ಯುರೋಪಿನಲ್ಲಿ ಆಡಿನ ಹಸಿ ಹಾಲಿನಿಂದ ಮನುಷ್ಯರಿಗೆ ದಾಟಿದ್ದುಂಟು. ಮಂಗನ ಕಾಯಿಲೆ ಹಾಲಿನಿಂದ ಬಂದದ್ದಕ್ಕೆ ಆಧಾರ ಸಿಕ್ಕಿಲ್ಲ. ದನ, ಆಡು ಕಾಡಿನಿಂದ ಮೈಮೇಲೆ ಹೊತ್ತು ತರುವ ಉಣುಗು ಇಲ್ಲಿಯ ನಿಜವಾದ ಭಯ. ಆದರೂ ಹಾಲು ಒಂದು ಕುದಿ ಬರಲಿ.

ಅಲರ್ಜಿಯ ವಿಚಾರ ಚಿಕ್ಕದು, ಹೇಳಲೇಬೇಕಾದದ್ದು. ಆಕಳ ಹಾಲು ಆಗದ ಮಗುವಿಗೆ ಆಡಿನದು ಆದೀತು ಎಂಬ ಸಲಹೆ ಊರೂರಿನಲ್ಲಿದೆ. ಎರಡರ ಪ್ರೋಟೀನುಗಳು ಎಷ್ಟು ಒಂದೇ ತೆರನೆಂದರೆ ಆಕಳ ಹಾಲಿನ ಅಲರ್ಜಿ ಇರುವ ಹತ್ತು ಮಕ್ಕಳಲ್ಲಿ ಒಂಬತ್ತಕ್ಕೆ ಆಡಿನದೂ ಆಗುವುದಿಲ್ಲ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವ ದೊಡ್ಡವರ ತೊಂದರೆ ಬೇರೆ, ಅದು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸಿನದು. ಅದರಲ್ಲಂತೂ ಎರಡು ಹಾಲಿಗೂ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಅಂಥವರಿಗೆ ನಮ್ಮ ಮಜ್ಜಿಗೆಯೇ ವಾಸಿ, ಹುಳಿ ಬಂದಾಗ ಆ ಸಕ್ಕರೆಯ ಒಂದು ಪಾಲು ಕರಗಿರುತ್ತದೆ.

ಆಡಿನ ಹಾಲಿನ ಪರವಾಗಿ ಎರಡು ದೊಡ್ಡ ಸಾಕ್ಷಿಗಳನ್ನು ನಮ್ಮವರು ಯಾವಾಗಲೂ ತರುತ್ತಾರೆ. ಒಂದು ಆಯುರ್ವೇದ. ಆಡು ಖಾರ ಕಹಿ ಸೊಪ್ಪು ತಿನ್ನುತ್ತದೆ, ನೀರು ಕಡಿಮೆ ಕುಡಿಯುತ್ತದೆ, ಸುಮ್ಮನೆ ಕೂರದೆ ಓಡಾಡುತ್ತದೆ, ಆದ್ದರಿಂದ ಅದರ ಹಾಲು ಹಗುರ. ಕ್ಷಯ, ಜ್ವರ, ಅತಿಸಾರಕ್ಕೆ ಹಿತ ಎಂದು ಹಳೆಯ ಗ್ರಂಥಗಳು ಹೇಳುತ್ತವೆ. ಅದು ಸೊರಗಿದವರಿಗೆ ಪಥ್ಯವಾಗಿ ಹೇಳಿದ ಮಾತು. ಇನ್ನೊಂದು ಸಾಕ್ಷಿ ಗಾಂಧೀಜಿ. 1934ರ ಹರಿಜನ ಪ್ರವಾಸದಲ್ಲಿ ಅವರು ಶಿರಸಿಗೆ ಬಂದದ್ದು, ಮಾರಿಕಾಂಬಾ ದೇವಸ್ಥಾನದ ಕೋಣದ ಬಲಿ ನಿಂತದ್ದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಆ ಹೊತ್ತಿಗೆ ಅವರು ಆಡಿನ ಹಾಲಿಗೆ ಒಗ್ಗಿ ಹದಿನೈದು ವರ್ಷ. ಅದಕ್ಕೆ ಕಾರಣ ಪೋಷಣೆಯಲ್ಲ, ವ್ರತ. ಹಾಲು ಹೆಚ್ಚು ಹಿಂಡಲು ಆಕಳು ಎಮ್ಮೆಗಳಿಗೆ ಕೊಡುತ್ತಿದ್ದ ಹಿಂಸೆ ತಿಳಿದು ಹಾಲನ್ನೇ ಬಿಟ್ಟಿದ್ದರು. 1918ರಲ್ಲಿ ಆಮಶಂಕೆಯಿಂದ ಹಾಸಿಗೆ ಹಿಡಿದಾಗ, ವ್ರತ ಮಾಡುವಾಗ ಮನಸ್ಸಿನಲ್ಲಿದ್ದದ್ದು ಆಕಳು ಎಮ್ಮೆ ತಾನೆ, ಆಡಿನದಕ್ಕೆ ಅಡ್ಡಿಯೇನು ಎಂದು ದಾರಿ ತೋರಿಸಿದವರು ಕಸ್ತೂರ್‌ಬಾ. ಗಾಂಧೀಜಿ ಕುಡಿದರು, ಅದು ಜಾಣತನದ ನುಣುಚು ಎಂಬ ಕೊರಗನ್ನು ಆತ್ಮಕಥೆಯಲ್ಲಿ ಬರೆದುಕೊಂಡರು. 1927ರಲ್ಲಿ ಬೆಂಗಳೂರಿನಲ್ಲಿ ವಿಶ್ರಾಂತಿಗೆಂದು ಇದ್ದಾಗ ಅದೇ ಮನುಷ್ಯ ಅಲ್ಲಿನ ಇಂಪೀರಿಯಲ್ ಡೈರಿ ಸಂಸ್ಥೆಗೆ ಹೋಗಿ ಆಕಳು ಸಾಕುವ ಪಾಠ ಹೇಳಿಸಿಕೊಂಡು, ಸಂದರ್ಶಕರ ಪುಸ್ತಕದಲ್ಲಿ ಸಾಬರಮತಿಯ ರೈತ ಎಂದು ಬರೆದುಬಂದರು. ಈ ಅರ್ಧ ಕತೆಯನ್ನು ಆಡಿನ ಪಕ್ಷದವರು ಹೇಳುವುದಿಲ್ಲ.

ಲೆಕ್ಕದ ಇನ್ನೊಂದು ಬದಿಯನ್ನೂ ಹೇಳದಿದ್ದರೆ ಆಡಿಗೆ ಅನ್ಯಾಯ. 2012 ಮತ್ತು 2019ರ ಜಾನುವಾರು ಗಣತಿಗಳ ನಡುವೆ ಕರ್ನಾಟಕದಲ್ಲಿ ದನಗಳು ಸುಮಾರು 95 ಲಕ್ಷದಿಂದ 85 ಲಕ್ಷದೊಳಗೆ ಇಳಿದವು, ಆಡುಗಳು 48 ಲಕ್ಷದಿಂದ 61 ಲಕ್ಷ ದಾಟಿದವು. ದೇಶದ ಒಟ್ಟು ಹಾಲಿನಲ್ಲಿ ಆಡಿನ ಪಾಲು ನೂರಕ್ಕೆ ಮೂರರ ಆಸುಪಾಸು. ಅದರ ಬಹುಪಾಲು ಯಾವ ಡೈರಿಗೂ ಹೋಗುವುದಿಲ್ಲ. ಜಮೀನಿಲ್ಲದ, ಕೊಟ್ಟಿಗೆ ಕಟ್ಟಲು ಜಾಗವಿಲ್ಲದ ಮನೆಯಲ್ಲಿ ಕರೆದು ಅಲ್ಲೇ ಕುಡಿದು ಮುಗಿಯುತ್ತದೆ. ಮಿಶ್ರತಳಿ ಆಕಳಿಗೆ ಎಪ್ಪತ್ತು ಎಂಬತ್ತು ಸಾವಿರ ಹಾಕಿ, ಹಿಂಡಿಗೆ ಸಾಲ ಮಾಡಿ, ಹತ್ತು ಲೀಟರ್ ಕರೆದು, ಒಂಬತ್ತೂವರೆ ಡೈರಿಗೆ ಹಾಕುವ ಮನೆಗಳನ್ನು ನಾನು ಬಲ್ಲೆ. ಚೀಟಿ ಚೆನ್ನಾಗಿಯೇ ಬರುತ್ತದೆ. ಮನೆಯ ಮಕ್ಕಳಿಗೆ ಉಳಿಯುವುದು ಚಹಾಕ್ಕೆ ಬಿಳುಪು ಬರುವಷ್ಟು. 2013ರ ಆಗಸ್ಟ್ 1ರಂದು ಶುರುವಾದ ಕ್ಷೀರಭಾಗ್ಯದಿಂದ ಶಾಲೆಯಲ್ಲಿ 18 ಗ್ರಾಂ ಪುಡಿಯಿಂದ ಮಾಡಿದ 150 ಮಿಲಿಲೀಟರ್ ಹಾಲು ಸಿಗದೇ ಹೋಗಿದ್ದರೆ ಹಾಲು ಕರೆಯುವ ಎಷ್ಟೋ ಮನೆಯ ಮಕ್ಕಳು ಹಾಲು ಕುಡಿಯದೆಯೇ ಬೆಳೆಯುತ್ತಿದ್ದರು. ಆಡಿಟ್ಟ ಮನೆಯಲ್ಲಿ ಕರೆಯುವುದು ಅರ್ಧ ಲೀಟರ್, ಕೊಳ್ಳುವವರಿಲ್ಲ, ಹಾಗಾಗಿ ಅದಷ್ಟೂ ಮನೆಯ ಲೋಟಕ್ಕೆ. ಪಟ್ಟಿಯಲ್ಲಿ ಯಾವ ಹಾಲು ಮೇಲೆ ಎಂದು ನಾವು ವಾದಿಸುತ್ತಿದ್ದ ವರ್ಷಗಳಲ್ಲಿ ಈ ಕಡೆಗೆ ತಿರುಗಿ ನೋಡಲೇ ಇಲ್ಲ.

ಕಳೆದ ತಿಂಗಳು ಎಕ್ಕಂಬಿಯ ಆಚೆ ಬದಿಯ ಮನೆಯೊಂದರ ಜಗಲಿಯಲ್ಲಿ ಕೂತಿದ್ದೆ. ಎರಡು ಆಡು, ಮೂರು ಮರಿ. ಮಗಳು ಬಾಣಂತನಕ್ಕೆ ಬಂದಿದ್ದಳು. ಅಜ್ಜಿ ಪತ್ರಿಕೆಯವರು ಬಂದರೆಂದು ಅದೇ ಹಳೆಯ ಪ್ರಶ್ನೆ ಎತ್ತಿದಳು, ಕೂಸಿಗೆ ಆಡಿನ ಹಾಲು ಕೊಡಬಹುದೋ. ಈ ಸಲ ನಾನು ನೀರಿನ ಲೆಕ್ಕಕ್ಕೆ ಹೋಗಲಿಲ್ಲ. ಬೇಡ, ತಾಯಿಯ ಹಾಲೇ ಸಾಕು, ಸಾಲದು ಅನಿಸಿದರೆ ಆಶಾ ಕಾರ್ಯಕರ್ತೆಯ ಜತೆ ಆಸ್ಪತ್ರೆಗೆ ಹೋಗಿ, ವರ್ಷ ತುಂಬುವ ತನಕ ಆಡೂ ಬೇಡ ಆಕಳೂ ಬೇಡ ಎಂದೆ.

ಅಜ್ಜಿಗೆ ಸಮಾಧಾನವಾಗಲಿಲ್ಲ. ‘ಹಂಗಾದ್ರೆ ಈ ಹಾಲು ಯಾರು ಕುಡೀಬೇಕೋ ತಮ್ಮಾ?’

ಒಳಗೆ ಬುಟ್ಟಿಯಲ್ಲಿ ಕುಮಟಾದಿಂದ ಬಂದ ಬಂಗಡೆ ಇತ್ತು, ಹಿತ್ತಿಲಲ್ಲಿ ಬಸಳೆ ಚಪ್ಪರ. ಬಿ12ಕ್ಕೂ ಫೋಲೇಟಿಗೂ ಈ ಮನೆ ಹಾಲಿನ ಹಂಗಿಗೆ ಬಿದ್ದಿಲ್ಲ. ಅಜ್ಜಿಯ ಮೊಣಕಾಲು ನೋವು, ಹಲ್ಲಿಲ್ಲದ ಬಾಯಿ, ಸಂಜೆ ಉಣ್ಣದೆ ಮಲಗುವ ಅಭ್ಯಾಸ ಎಲ್ಲ ಮಾತಿನ ನಡುವೆ ಆಗಲೇ ಬಂದುಹೋಗಿತ್ತು.

‘ನೀವೇ ಕುಡೀರಿ’ ಎಂದೆ. ‘ಸುಣ್ಣದಂಶ ಚೆನ್ನಾಗಿದೆ, ಹೊಟ್ಟೆಗೂ ಹಗುರ. ರಾತ್ರಿ ಒಂದು ಲೋಟ. ಕಾಯಿಸಿ.’

‘ನಾನಾ?’ ಎಂದು ನಕ್ಕಳು. ಹಾಲು ತನಗೆಂದು ಯಾರೂ ಇದುವರೆಗೆ ಹೇಳಿರಲಿಲ್ಲವೇನೋ. ಎದ್ದು ಹೋಗಿ ಒಲೆಯ ಮೇಲೆ ಪಾತ್ರೆ ಇಟ್ಟಳು. ಹಾಲು ಉಕ್ಕಿ ಬಂತು, ಉರಿ ಇಳಿಸಿದಳು. ಮೇಲೆ ಕೆನೆ ಕಟ್ಟಲಿಲ್ಲ, ಬೆಳ್ಳಗೆ ಬರಿಯ ಹಾಲು. ಎರಡು ಲೋಟಕ್ಕೆ ಬಗ್ಗಿಸಿ, ದೊಡ್ಡದನ್ನು ಅಭ್ಯಾಸಬಲದಿಂದ ನನ್ನ ಕಡೆ ಸರಿಸಿದಳು. ನಾನು ಚಿಕ್ಕದನ್ನು ತೆಗೆದುಕೊಂಡೆ.